ಹಲ್ಲು ಕೊಡದ ಓಣಿ

ಗದ್ದಜ್ವರ ಊರು ಬಿಟ್ಟು ಹೋಯಿತು ಎಂದು ಸರ್ಕಾರ ಸಾರಿದ ವರ್ಷವೇ ನೂಲಗೇರಿಯ ಜನ ಖಡಕ್ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನತೊಡಗಿದರು. ಜ್ವರ ಹೋಗಿದ್ದು ನಿಜ. ಮೈ ಸುಡುವುದು ನಿಂತಿತ್ತು, ದವಡೆ ಬಾತುಕೊಳ್ಳುವುದು ನಿಂತಿತ್ತು. ಆದರೆ ಹೊರಟೆ ಹೊರಟೆ ಎನ್ನುತ್ತಲೇ ಹಿತ್ತಲ ಬಾಗಿಲಿನಿಂದ ಮತ್ತೆ ಒಳಗೆ ಬಂದ ನೆಂಟನ ಹಾಗೆ, ಆ ವೈರಾಣು ಮೈಯೆಲ್ಲ ಖಾಲಿ ಮಾಡಿ ಒಸಡಿನೊಳಗೆ ಬಿಡಾರ ಹೂಡಿತ್ತು. ಹಲ್ಲಿಗೂ ಒಸಡಿಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದಲ್ಲ, ಅಲ್ಲಿ. ಮೈಯ ರೋಗನಿರೋಧಕ ಪಡೆ ಆ ಸಂದಿಯೊಳಗೆ ಸಲೀಸಾಗಿ ನುಗ್ಗಲಾರದು. ಅಲ್ಲಿ ಕೂತು ಅದು ಒಸಡನ್ನು ಊದಿಸಿತು, ಹಲ್ಲು ಹಿಡಿದ ಮೂಳೆಯನ್ನು ಕರಗಿಸಿತು, ಆಗೊಮ್ಮೆ ಈಗೊಮ್ಮೆ ಎಂಜಲಿಗಿಳಿದು ಇನ್ನೊಬ್ಬರ ಬಾಯಿಗೂ ದಾಟಿತು. ಮುಂಜಾನೆ ಎದ್ದು ಹಲ್ಲುಜ್ಜಿದರೆ ಬಚ್ಚಲು ಕೆಂಪಾಗುತ್ತಿತ್ತು.

ಇದಕ್ಕೆ ರಾಜಧಾನಿಯ ದೊಡ್ಡವರು ಒಂದು ಮದ್ದು ಹುಡುಕಿದರು. ಸಂದು ಇರುವುದು ಹಲ್ಲಿನಿಂದ, ಹಲ್ಲನ್ನೇ ಕಿತ್ತುಬಿಟ್ಟರೆ ಸಂದೆಲ್ಲಿ ಉಳಿಯಿತು? ಎಂಥ ತಲೆ ನೋಡಿ. ಆ ತಲೆಗೆ ಶಾಲು ಹೊದಿಸಿ ಸನ್ಮಾನವೂ ಆಯಿತು. ‘ಬಾಯಿ ಬಿಡುಗಡೆ ಯೋಜನೆ’ ಎಂದು ಹೆಸರಿಟ್ಟು ಊರೂರಿಗೆ ಉಸಿರುಗಂಬಗಳನ್ನು ನೆಟ್ಟರು. ಸಂತೆ, ಬ್ಯಾಂಕು, ಬಸ್‌ಸ್ಟ್ಯಾಂಡು, ಎಲ್ಲಿ ಹೋದರೂ ಎದೆಯೆತ್ತರದ ಒಂದು ಕಂಬ, ಜನರ ಬಾಯಲ್ಲಿ ಬರೀ ‘ಗಂಬ’. ಅದರ ಮುಂದೆ ನಿಂತು ಹಾ ಎಂದು ಉಸಿರು ಬಿಡಬೇಕು. ಹಸಿರು ಹತ್ತಿದರೆ ಬಾಗಿಲು ತೆರೆಯುತ್ತದೆ, ಕೆಂಪು ಹತ್ತಿದರೆ ಇಲ್ಲ. ಕೆಂಪು ಹತ್ತುತ್ತಲೇ ಹೋದರೆ ಫೋನಿಗೆ ಕರೆಯ ಸಂದೇಶ ಬರುತ್ತದೆ. ಮೂರು ತಿಂಗಳಿಗೊಮ್ಮೆ ಬರುವ ಬಿಳಿ ವ್ಯಾನಿನೊಳಗಿನ ಕುರ್ಚಿಯಲ್ಲಿ ಕೂತು ಎಲ್ಲ ಹಲ್ಲನ್ನೂ ಒಪ್ಪಿಸಿ, ಸರ್ಕಾರ ಪುಕ್ಕಟೆ ಕೊಡುವ ಕಟ್ಟುಹಲ್ಲು ಇಟ್ಟುಕೊಂಡು ಬರಬೇಕು. ಆ ಕಟ್ಟುಹಲ್ಲುಗಳೋ ಎಲ್ಲರಿಗೂ ಒಂದೇ ಅಚ್ಚಿನವು. ಹೀಗಾಗಿ ನೂಲಗೇರಿಯಲ್ಲಿ ಅರ್ಧ ಊರು ಒಂದೇ ನಗೆ ನಗುತ್ತಿತ್ತು.

ಆ ಕರೆ ಈಗ ಬನಕ್ಕನಿಗೆ ಬಂದಿತ್ತು. ತಮಾಷೆ ಏನೆಂದರೆ, ಊರಿನ ಎಲ್ಲ ಗಂಬಗಳ ಮೇಲೆ ನಿಗಾ ಇಡುವ ಕೊಠಡಿಯ ಉಸ್ತುವಾರಿ ಈ ಬನಕ್ಕನೇ. ಪೂರ್ತಿ ಹೆಸರು ಬನಶಂಕರಿ. ಧಾರವಾಡದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ, ಹುಟ್ಟಿದೂರಿನಲ್ಲೇ ನೌಕರಿ ಹಿಡಿದು, ಅದೇ ಊರಿನ ನೇಕಾರ ವಿರೂಪಾಕ್ಷನನ್ನು ಮದುವೆಯಾದವಳು. ಸಿಟ್ಟು ಮೂಗಿನ ತುದಿಯಲ್ಲಿ. ಕೆಲಸದಲ್ಲಿ ಮಾತ್ರ ಒಂದು ಎಳೆ ತಪ್ಪುವವಳಲ್ಲ. ಫೋನಿನಲ್ಲಿ ಬಂದ ಕರೆಯನ್ನು ಓದಿ ಅವಳು ನಾಲಗೆಯಿಂದ ತನ್ನ ಹಲ್ಲುಗಳನ್ನೆಲ್ಲ ಒಮ್ಮೆ ಮುಟ್ಟಿ ನೋಡಿಕೊಂಡಳು. ಕೆಳಗಿನ ಎರಡು ಸ್ವಲ್ಪ ಅಲುಗುತ್ತಿದ್ದವು. ಉಳಿದವು ಗಟ್ಟಿಯಾಗಿದ್ದವು. ನನ್ನ ಹಲ್ಲು ನಾನು ಕೊಡುವುದಿಲ್ಲ ಎಂದು ಆಗಲೇ ಅಂದುಕೊಂಡಳು. ಕಾರಣ ಆಮೇಲೆ ಹುಡುಕಿದರಾಯಿತು.

ಕಾರಣ ಹುಡುಕಲು ಅವಳು ದೂರ ಹೋಗಬೇಕಾಗಲಿಲ್ಲ. ಹೊಳೆಯಾಚೆ ಕುಂಬಾರಹಾಳ ಎಂಬ ಊರಿದೆ. ಸೇತುವೆ ಕುಸಿದಿದ್ದರಿಂದ ಅಲ್ಲಿಗೆ ವ್ಯಾನು ಹೋಗಿಯೇ ಇರಲಿಲ್ಲ. ಅಲ್ಲಿಯ ಗಂಬಗಳ ಲೆಕ್ಕವೂ ಬನಕ್ಕನ ಕೊಠಡಿಗೇ ಬರುತ್ತಿತ್ತು. ತೆಗೆದು ನೋಡುತ್ತಾಳೆ, ಅಲ್ಲಿ ವರ್ಷದ ಹಿಂದೆ ಕೆಂಪೋ ಕೆಂಪು, ಈಗ ಬಹುತೇಕ ಹಸಿರು. ಯಾರ ಒಂದು ಹಲ್ಲೂ ಕಿತ್ತಿಲ್ಲ. ಒಸಡು ತಾನಾಗಿ ಮಾಗಿ, ಸಂದು ಮುಚ್ಚಿಕೊಂಡು, ವೈರಾಣು ಸತ್ತಿತ್ತು. ನೂಲಗೇರಿಯಲ್ಲಿ ವ್ಯಾನು ಬಂದು ಬಂದು ಹೋದರೂ ಹಲ್ಲಿರುವ ಬಾಯಿಗಳ ಕೆಂಪು ಇಳಿದಿರಲಿಲ್ಲ.

ಇನ್ನೊಂದು ಸಂಗತಿ ಅವಳನ್ನು ಕುರ್ಚಿಯಿಂದ ಎಬ್ಬಿಸಿಯೇ ಬಿಟ್ಟಿತು. ಹಲ್ಲು ಕೀಳಿಸಿಕೊಂಡವರ ಮುಖ ಗಂಬಕ್ಕೆ ಗುರುತಿರುತ್ತದೆ. ಅವರು ಬಂದು ನಿಂತರೆ ಸಾಕು, ಗಂಬ ಹಸಿರು ತೋರಿಸಿ ಬಾಗಿಲು ತೆರೆಯುತ್ತದೆ. ಅವರ ಬಿಡುಗಡೆ ಆಗಿದೆಯಲ್ಲ, ಮತ್ತೇಕೆ ತಪಾಸಣೆ ಎಂದು ಯಾರೋ ಯಂತ್ರಕ್ಕೆ ಹಾಗೆ ಕಲಿಸಿದ್ದರು. ಆದರೆ ಗಂಬ ಉಸಿರನ್ನಂತೂ ಅಳೆಯುತ್ತದೆ, ಅಳೆದದ್ದು ಒಳಗೆ ಉಳಿಯುತ್ತದೆ. ಬನಕ್ಕ ಮೇಲಿನ ಹಸಿರು ತೋರಿಕೆಯನ್ನು ಸರಿಸಿ ಒಳಗಿನ ಅಳತೆ ನೋಡಿದಳು. ಹಲ್ಲಿಲ್ಲದವರಲ್ಲಿ ಬಹಳಷ್ಟು ಜನ ಇನ್ನೂ ಕೆಂಪು. ಅವರ ನಡುವೆ ವಿರೂಪಾಕ್ಷನ ಹೆಸರೂ ಇತ್ತು.

ಯೋಜನೆಯ ಡಾಕ್ಟರು ಹೇಮಚಂದ್ರ, ಮೈಸೂರು ಕಡೆಯವರು. ಕೆಟ್ಟ ಮನುಷ್ಯರೇನಲ್ಲ, ಮೇಲಿನವರು ಹಾಕಿದ ಗೆರೆ ದಾಟದವರು, ಅಷ್ಟೆ. ಬನಕ್ಕ ತೋರಿಸಿದ್ದನ್ನೆಲ್ಲ ನೋಡಿದರು, ಕನ್ನಡಕ ತೆಗೆದು ಒರೆಸಿದರು. ಹಲ್ಲು ಕಿತ್ತಮೇಲೂ ಕೆಂಪು ಅಂದರೆ ಒಳಗೆಲ್ಲೋ ಬೇರಿನ ಚೂರು ಉಳಿದಿರಬೇಕು, ಇನ್ನಷ್ಟು ಆಳಕ್ಕೆ ಕೊರೆಯಬೇಕಾಗುತ್ತದೆ ಎಂದರು. ಕುಂಬಾರಹಾಳದ ಮಾತೆತ್ತಿದ್ದಕ್ಕೆ, ಆ ಊರಿಗೂ ಈ ಊರಿಗೂ ಹೋಲಿಕೆ ಬೇಡ ಎಂದರು.

“ನೋಡಿ ಬನಶಂಕರಿ, ನಿಮ್ಮ ನೇಕಾರರು ತಂಬಾಕು ಬಿಡೋದಿಲ್ಲ, ಬಾಯಿ ಶುಚಿಯಾಗಿಟ್ಟುಕೊಳ್ಳೋದಿಲ್ಲ. ಒಸಡು ಹೇಗೆ ತಾನೆ ವಾಸಿಯಾಗುತ್ತೆ ಹೇಳಿ.”

ಬನಕ್ಕನ ಮೈ ಉರಿದುಹೋಯಿತು. ಹೊಳೆಯಾಚೆಯವರೇನು ತಂಬಾಕಿನ ಬದಲು ತುಳಸಿ ಜಗಿಯುತ್ತಾರೆಯೇ ಎಂದು ಕೇಳಿಬಿಟ್ಟಳು. ಡಾಕ್ಟರು, ನಿಮ್ಮ ಸರದಿ ಈ ಸೋಮವಾರವಲ್ಲವೇ ಎಂದು ಮೆಲ್ಲಗೆ ನೆನಪಿಸಿದರು.

ಮನೆಗೆ ಬಂದಾಗ ವಿರೂಪಾಕ್ಷ ರೊಟ್ಟಿ ಚೂರು ಮಾಡಿ ಹಾಲಿಗೆ ಹಾಕುತ್ತಿದ್ದ. ಮಾತು ಕಡಿಮೆಯ ಮನುಷ್ಯ. ಸಾವ್ಕಾರರ ಶೆಡ್ಡಿನಲ್ಲಿ ಮಗ್ಗ ನಡೆಸುತ್ತಿದ್ದ. ಹೋದ ಬೇಸಿಗೆಯಲ್ಲಿ ಕರೆ ಬಂದಾಗ ಒಂದು ಚಕಾರ ಎತ್ತದೆ ಹೋಗಿ ಕೂತು, ಎಲ್ಲ ಹಲ್ಲು ಕೊಟ್ಟು, ಬಾಯಿಗೆ ಹತ್ತಿ ಒತ್ತಿಕೊಂಡು ಮನೆಗೆ ಬಂದಿದ್ದ. ಅಂದಿನಿಂದ ಹೋಳಿಗೆ ಕೂಡ ಅವನಿಗೆ ರುಚಿಸಿರಲಿಲ್ಲ. ಅವನಿಗೆ ಈ ಸುದ್ದಿ ಹೇಗೆ ಹೇಳುವುದು? ಬನಕ್ಕನಿಗೆ ಸುತ್ತಿಬಳಸಿ ಹೇಳಲು ಬರುವುದಿಲ್ಲ. ಪಕ್ಕದಲ್ಲಿ ಕೂತು ಹೇಳಿಬಿಟ್ಟಳು. ಗಂಬ ನಿಮಗೆ ಸುಳ್ಳು ಹಸಿರು ತೋರಿಸುತ್ತಿದೆ, ಬಾಯಲ್ಲಿ ಅದು ಇನ್ನೂ ಇದೆ ಎಂದಳು.

ವಿರೂಪಾಕ್ಷ ಚಮಚ ಕೆಳಗಿಟ್ಟ. “ಹಂಗಾದ್ರ ನನ್ನ ಹಲ್ಲು ಯಾಕ ಕಿತ್ರು?”

ಬಟ್ಟಲನ್ನು ಅಲ್ಲೇ ಬಿಟ್ಟು ಅವನು ಎದ್ದು ಶೆಡ್ಡಿಗೆ ಹೊರಟುಹೋದ. ಅವನು ಮರೆತುಹೋದ ಬುತ್ತಿ ಹಿಡಿದು ಬನಕ್ಕ ಹಿಂದೆಯೇ ಹೋದಳು.

ನೂಲಗೇರಿಯ ಮಗ್ಗಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಬೇರೆ ಊರುಗಳಲ್ಲಿ ಲಾಳಿಯಿಲ್ಲದ ಹೊಸ ಯಂತ್ರಗಳು ಬಂದು ಕೂತಿವೆ. ನೂಲಗೇರಿಯ ಸೀರೆಗೆ ಮಾತ್ರ ಅಡ್ಡನೂಲನ್ನು ಅತ್ತಿತ್ತ ಒಯ್ಯುವ ಲಾಳಿಯೇ ಬೇಕು, ಸೆರಗಿನ ಅಂಚು ಹಾಗೆ ಕೂಡುವುದು ಲಾಳಿಯ ಮಗ್ಗದಲ್ಲೇ. ಲಾಳಿಯೊಳಗೆ ಕಂಡಿಕೆ ಇರುತ್ತದೆ, ಎಂದರೆ ನೂಲು ಸುತ್ತಿದ ಸಣ್ಣ ಕಡ್ಡಿ. ಕಂಡಿಕೆ ಖಾಲಿಯಾದಾಗೆಲ್ಲ ಹೊಸತು ಹಾಕಿ, ನೂಲಿನ ತುದಿಯನ್ನು ಲಾಳಿಯ ಪಕ್ಕದ ಚಿಕ್ಕ ಕಣ್ಣಿನಿಂದ ಹೊರಗೆಳೆಯಬೇಕು. ಬೆರಳಿಗೆ ಅದು ಸಿಗುವುದಿಲ್ಲ. ನೇಕಾರ ಏನು ಮಾಡುತ್ತಾನೆ? ಲಾಳಿಯನ್ನು ತುಟಿಗಿಟ್ಟು ಒಂದು ಸಲ ಜೋರಾಗಿ ಹೀರುತ್ತಾನೆ. ನೂಲು ಸುಯ್ ಎಂದು ಬಾಯಿಗೇ ಬರುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ. ಅಜ್ಜಂದಿರು ಹೀಗೇ ಮಾಡಿದರು, ಅಪ್ಪಂದಿರು ಹೀಗೇ ಮಾಡಿದರು, ಯಾರೂ ಅದನ್ನೊಂದು ಕೆಲಸ ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಬನಕ್ಕ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಾಗ ಪಾಳಿ ಬದಲಾಗುತ್ತಿತ್ತು. ಹಗಲಿನವನು ಲಾಳಿ ಹೀರಿ ನೂಲು ತೆಗೆದು, ಆ ಕೊನೆಯ ಕಂಡಿಕೆ ನೇಯ್ದು ಮುಗಿಸಿ, ಮಗ್ಗ ಬಿಟ್ಟು ಹೊರಟ. ವಿರೂಪಾಕ್ಷ ಬಂದು ಅದೇ ಲಾಳಿಗೆ ಹೊಸ ಕಂಡಿಕೆ ಹಾಕಿ, ತನ್ನ ತುಟಿಗಿಟ್ಟು ಹೀರಿದ. ಪಕ್ಕದ ಮಗ್ಗದಲ್ಲೂ ಅದೇ, ಅದರಾಚೆಯದರಲ್ಲೂ ಅದೇ. ಹುಟ್ಟಿದಾಗಿನಿಂದ ನೋಡಿದ ಕೆಲಸ. ಸಂಜೆ ಅತ್ತೆಯ ಮಗ್ಗಕ್ಕೆ ಕೂತಾಗ ತಾನೂ ಮಾಡುವ ಕೆಲಸ. ಅಂದು ಮೊದಲ ಸಲ ಅವಳು ಅದನ್ನು ಕಣ್ಣು ತೆರೆದು ನೋಡಿದಳು. ಬುತ್ತಿಯನ್ನು ಗಂಡನ ಕೈಗೆ ಕೊಡುವುದನ್ನೂ ಮರೆತು, ತನ್ನ ಕೊಠಡಿಯ ಪಕ್ಕದ ಪ್ರಯೋಗಶಾಲೆಗೆ ಓಡಿ ಪರೀಕ್ಷೆಯ ಸಾಮಾನು ಸಜ್ಜು ಮಾಡಿದಳು.

ಮರುದಿನ ಅವಳು ಓಣಿಯ ಮಗ್ಗಗಳಿಂದ, ಶೆಡ್ಡಿನ ಮಗ್ಗಗಳಿಂದ ಲಾಳಿ ಬೇಡಿ ತಂದು, ಒಂದೊಂದರ ಕಣ್ಣಿನೊಳಗೂ ಹತ್ತಿಯ ಕಡ್ಡಿ ಆಡಿಸಿ ಪರೀಕ್ಷೆಗೆ ಹಾಕಿದಳು. ಹತ್ತಿ ಕೆಂಪಗೆ ಬಂತು. ಎಂಜಲು, ಒಸಡಿನ ರಕ್ತ, ಅದರೊಳಗೆ ಜೀವಂತ ವೈರಾಣು. ಒಸಡು ಮಾಗಲು ಬಿಡುವು ಬೇಕು. ಮಗ್ಗವೇ ಇಲ್ಲದ ಕುಂಬಾರಹಾಳದ ಬಾಯಿಗಳಿಗೆ ಅದು ಸಿಕ್ಕಿತ್ತು. ಇಲ್ಲಿ ಬಿಡುವೆಲ್ಲಿ? ದಿನವಿಡೀ ಇನ್ನೊಬ್ಬನ ಬಾಯಿಯದ್ದನ್ನು ಎಳೆದೆಳೆದು ತನ್ನ ಒಸಡಿಗೆ ತುಂಬಿಕೊಳ್ಳುವುದೇ ಆಯಿತು. ಹಲ್ಲಿದ್ದರೆ ಸಂದಿಗೆ, ಹಲ್ಲಿಲ್ಲದಿದ್ದರೆ ಹಸಿ ಒಸಡಿಗೆ. ಹಲ್ಲು ಕಿತ್ತದ್ದರಿಂದ ಆದದ್ದು ಇಷ್ಟೇ, ಸರ್ಕಾರಕ್ಕೆ ಲೆಕ್ಕ ಸಿಕ್ಕಿತು, ಮಂದಿಗೆ ರೊಟ್ಟಿ ತಪ್ಪಿತು.

ಡಾಕ್ಟರು ಈ ಸಲ ಕನ್ನಡಕ ತೆಗೆಯಲಿಲ್ಲ. ಫಲಿತಾಂಶವನ್ನು ಎರಡು ಸಲ ಓದಿ, ಇದು ದೊಡ್ಡ ವಿಷಯ, ಮೇಲೆ ಬರೆಯುತ್ತೇನೆ ಎಂದರು. ಅಲ್ಲಿಂದ ತಜ್ಞರ ಸಮಿತಿ ಬರಬೇಕು, ಸಮಿತಿ ಒಪ್ಪಬೇಕು, ಆಮೇಲೆ ಹೊಸ ಆದೇಶ. ಅಲ್ಲಿಯವರೆಗೆ ಹಳೆಯ ಆದೇಶ ನಡೆಯಲೇಬೇಕು ಎಂದೂ ಹೇಳಿದರು. ಅಂದರೆ ಸೋಮವಾರ ನನ್ನ ಹಲ್ಲು ಕೀಳುತ್ತೀರಿ, ಆಮೇಲೆ ಅದು ತಪ್ಪಿತ್ತು ಎಂದು ಪತ್ರ ಕಳಿಸುತ್ತೀರಿ, ಅಲ್ಲವೇ ಎಂದು ಬನಕ್ಕ ಕೇಳಿದಳು.

“ಹಲ್ಲು ಒಮ್ಮೆ ಹೋದ್ರ ತಿರುಗಿ ಬರೂದಿಲ್ರಿ ಸರ್. ನಿಮ್ಮ ಆದೇಶ ನಾಳೆ ಇನ್ನೊಂದು ಬರತೈತಿ. ನಾ ಕೂಡ್ರೂದಿಲ್ಲ.”

ಹಾಗಂದು ಬಂದವಳು ಸೋಮವಾರ ವ್ಯಾನಿನ ಕಡೆ ತಲೆ ಹಾಕಲಿಲ್ಲ. ಮಂಗಳವಾರ ನೌಕರಿಯಿಂದ ಅಮಾನತಾದಳು. ಮುಂದಿನ ವ್ಯಾನು ಬಂದಾಗ ಮನೆಯಿಂದಲೇ ಕರೆದೊಯ್ಯುವ ಅಧಿಕಾರ ಇಲಾಖೆಗಿದೆ ಎಂಬ ಎಚ್ಚರಿಕೆಯೂ ಬಂತು. ಅವಳ ಕೈಯಲ್ಲಿ ಇದ್ದದ್ದು ಮೂರು ತಿಂಗಳು. ಅಷ್ಟರೊಳಗೆ ಹಲ್ಲಿರುವ ಬಾಯಿ ಹಸಿರಾಗಿ ತೋರಿಸಬೇಕು. ಅದಕ್ಕೆ ಓಣಿಯ ಮಗ್ಗಗಳೆಲ್ಲ ಲಾಳಿ ಹೀರುವುದನ್ನು ನಿಲ್ಲಿಸಬೇಕು.

ಸರ್ಕಾರವನ್ನು ಎದುರಿಸುವುದು ಸುಲಭ, ಓಣಿಯನ್ನು ಒಪ್ಪಿಸುವುದು ಕಷ್ಟ ಎಂದು ಬನಕ್ಕನಿಗೆ ಅಂದೇ ತಿಳಿಯಿತು. ಓಣಿಯಲ್ಲಿ ಮನೆಗೊಂದು ಮಗ್ಗ, ನೇಯುವವರು ಹೆಂಗಸರು, ಒಬ್ಬರ ಮನೆಯ ಲಾಳಿ ಇನ್ನೊಬ್ಬರ ಮನೆಯಲ್ಲಿ. ಅವಳು ತಂತಿ ಬಾಗಿಸಿ ಒಂದು ಸಣ್ಣ ಕೊಕ್ಕೆ ಮಾಡಿ, ಅದರಿಂದ ನೂಲು ಎಳೆದು ತೋರಿಸಿದಳು. ಹೆಂಗಸರು ನಕ್ಕರು. ಇಷ್ಟು ತಡ ಮಾಡಿದರೆ ಸೀರೆ ಮುಗಿಯುವುದು ಯಾವಾಗ ಎಂದರು. ನಮ್ಮ ಬಾಯಿ ಹೊಲಸು ಅಂತ ಆ ಡಾಕ್ಟರ್ ಅಂದ, ಈಗ ನೀನೂ ಅದನ್ನೇ ಅನ್ನಲು ಬಂದೆಯಾ ಎಂದು ಒಬ್ಬಾಕೆ ಮುಖಕ್ಕೆ ಹೊಡೆದ ಹಾಗೆ ಕೇಳಿದಳು. ಬನಕ್ಕನಿಗೆ ಆ ಮಾತು ನಾಟಿತು. ನನ್ನ ಬಾಯಿಯೂ ನಿಮ್ಮದರ ಜೊತೆಗೇ ಇದೆ, ನನಗೂ ಕೆಂಪು ಬಂದಿದೆ ಎಂದು ತುಟಿ ಸರಿಸಿ ಒಸಡು ತೋರಿಸಿದಳು.

ಎಲ್ಲಕ್ಕಿಂತ ದೊಡ್ಡ ತೊಡಕು ಮದುವೆ ಸೀರೆಯದು. ನೂಲಗೇರಿಯಲ್ಲಿ ಮದುವೆ ಸೀರೆ ಮಗ್ಗಕ್ಕೇರಿದ ದಿನ ಓಣಿಯ ಹೆಂಗಸರೆಲ್ಲ ಸೇರುತ್ತಾರೆ. ಮೊದಲ ಲಾಳಿ ಕೈಯಿಂದ ಕೈಗೆ ಹೋಗುತ್ತದೆ, ಒಬ್ಬೊಬ್ಬಳೂ ತುಟಿಗಿಟ್ಟು ಒಂದೊಂದು ಸಲ ನೂಲು ಎಳೆಯುತ್ತಾಳೆ. ಅದಕ್ಕೆ ಉಸಿರು ಕೊಡುವುದು ಎಂದು ಹೆಸರು. ಉಸಿರು ಕೊಡದ ಸೀರೆ ಉಟ್ಟರೆ ಬಾಳು ಬರಡಂತೆ. ಓಣಿಯ ತುದಿಮನೆಯ ಹುಡುಗಿಯ ಸೀರೆ ಅದೇ ವಾರ ಮಗ್ಗಕ್ಕೇರಲಿತ್ತು. ಕೊಕ್ಕೆಯಿಂದ ಎಳೆದ ಸೀರೆಯಲ್ಲಿ ಯಾರ ಉಸಿರಿರುತ್ತದೆ ಎಂಬ ಪ್ರಶ್ನೆಗೆ ಬನಕ್ಕನ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಉತ್ತರವಿರಲಿಲ್ಲ.

ಉತ್ತರ ಕೊಟ್ಟವಳು ಅತ್ತೆ ಮಾಳವ್ವ. ಓಣಿಯಲ್ಲಿ ಅವಳ ಮಾತಿಗೆ ಎದುರಾಡುವವರಿಲ್ಲ. ಅವಳಿಗೂ ವ್ಯಾನಿನ ಕರೆ ಬಂದಿತ್ತು, ಮುಂದಿನ ಸರದಿ. ಈ ವಯಸ್ಸಿನಲ್ಲೂ ಅಡಿಕೆ ಕಡಿಯುತ್ತಿದ್ದ ಹಲ್ಲು ಅವಳವು, ಅವುಗಳ ಮೇಲೆ ಅವಳಿಗೆ ಬಹಳ ಜಂಬ. ಸೀರೆ ಮಗ್ಗಕ್ಕೇರಿದ ದಿನ ಲಾಳಿ ಮೊದಲು ಅವಳ ಕೈಗೆ ಬಂದಾಗ ಎಲ್ಲರೂ ಅವಳ ತುಟಿಯನ್ನೇ ನೋಡುತ್ತಿದ್ದರು. ಮಾಳವ್ವ ಲಾಳಿಯನ್ನು ತುಟಿಗೆ ಒಯ್ಯದೆ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಕೊಕ್ಕೆ ತೆಗೆದುಕೊಂಡು ನೂಲು ಎಳೆದಳು. ಎಳೆದ ನೂಲನ್ನು ಅಂಗೈ ಮೇಲಿಟ್ಟು, ದೂರ ಹಿಡಿದು, ಮೆಲ್ಲಗೆ ಊದಿದಳು.

“ಉಸಿರು ಕೊಡೂದಂದ್ರ ಇದು. ಇಷ್ಟ ದಿನ ನಾವು ಕೊಟ್ಟಿಲ್ಲ, ಅದರಿಂದ ತಗೊಂಡೀವಿ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಾಕೆ ನಕ್ಕಳು. ಆಮೇಲೆ ಎಲ್ಲರೂ ಕೊಕ್ಕೆಯಿಂದ ಎಳೆದು ಊದಿದರು. ಬನಕ್ಕ ತನ್ನ ಸರದಿ ಬಂದಾಗ ಎರಡು ಸಲ ಊದಿದಳು.

ಅಂದಿನಿಂದ ಆ ಓಣಿಯಲ್ಲಿ ಮಗ್ಗದ ಪಕ್ಕಕ್ಕೆಲ್ಲ ಕೊಕ್ಕೆ ತೂಗಿತು. ಒಬ್ಬನೇ ಒಬ್ಬ ಒಪ್ಪಲಿಲ್ಲ, ಬನಕ್ಕನ ಸ್ವಂತ ಗಂಡ. ಶೆಡ್ಡಿನಲ್ಲಿ ವಿರೂಪಾಕ್ಷ ಮೊದಲಿನ ಹಾಗೆಯೇ ಲಾಳಿ ಹೀರುತ್ತಿದ್ದ. ಬನಕ್ಕ ಕೊಕ್ಕೆ ಕೊಟ್ಟರೆ ಗೂಡಿನಲ್ಲಿಟ್ಟು ಹೋಗುತ್ತಿದ್ದ. ಮೊದಲು ಅವಳಿಗೆ ಸಿಟ್ಟು ಬಂತು, ಆಮೇಲೆ ಅರ್ಥವಾಯಿತು. ಕೊಕ್ಕೆ ಹಿಡಿದರೆ ಅವಳ ಮಾತು ಒಪ್ಪಿದ ಹಾಗೆ. ಒಪ್ಪಿದರೆ, ತನ್ನ ಹಲ್ಲು ಸುಮ್ಮನೆ ಹೋದವು ಎಂದೂ ಒಪ್ಪಬೇಕು. ಅದನ್ನು ನುಂಗಲು ಅವನಿಗೆ ಆಗುತ್ತಿರಲಿಲ್ಲ. ಅವಳೂ ಒತ್ತಾಯ ಮಾಡಲಿಲ್ಲ. ರೊಟ್ಟಿ ನೆನೆಸಿ ಮುಂದಿಡುತ್ತಿದ್ದಳು.

ಕೆಂಪು ಬಾಯಿಯ ಬದುಕು ಸುಖದ್ದಲ್ಲ. ಸಂತೆಗೆ ಹೋದರೆ ಗಂಬ ಒಳಗೆ ಬಿಡುವುದಿಲ್ಲ. ಬೇಲಿಯ ಹೊರಗೆ ನಿಂತು, ಬದನೆಕಾಯಿ ಬೇಕೆಂದು ಕೂಗಿ, ಯಾರಾದರೂ ತಂದು ಕೊಟ್ಟರೆ ಉಂಟು. ಬಸ್ಸಿಲ್ಲ, ಬ್ಯಾಂಕಿಲ್ಲ. ತಾನೇ ನಿಗಾ ಇಟ್ಟಿದ್ದ ಗಂಬಗಳು ಬನಕ್ಕನನ್ನು ಕಂಡಲ್ಲೆಲ್ಲ ಕೆಂಪು ಕಾರುತ್ತಿದ್ದವು. ಪ್ರತಿ ಸಂತೆಯ ದಿನವೂ ಅವಳು ಹಟದಿಂದ ಹೋಗಿ ಉಸಿರು ಬಿಟ್ಟು, ಕೆಂಪು ನೋಡಿ, ಬೇಲಿಯ ಹೊರಗೆ ನಿಲ್ಲುತ್ತಿದ್ದಳು. ಜನ ನೋಡಲಿ ಎಂದೇ ನಿಲ್ಲುತ್ತಿದ್ದಳು. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ ಮುಕ್ಕಳಿಸಿ ನಾಲಗೆ ಸಪ್ಪೆಯಾಗಿತ್ತು. ಎರಡನೆಯ ತಿಂಗಳ ಕೊನೆಗೆ ಬಚ್ಚಲು ಕೆಂಪಾಗುವುದು ನಿಂತಿತು. ಅಲುಗುತ್ತಿದ್ದ ಎರಡು ಹಲ್ಲು ಸ್ವಲ್ಪ ಗಟ್ಟಿಯಾದವೋ, ತನ್ನ ಆಸೆಯೋ ಎಂದು ಅವಳಿಗೇ ಅನುಮಾನ.

ಮೂರನೆಯ ತಿಂಗಳಲ್ಲಿ ಒಂದು ಸಂತೆಯ ದಿನ ಬನಕ್ಕ ಎಂದಿನಂತೆ ಹಾ ಎಂದಳು. ಹಸಿರು ಹತ್ತಿತು. ಅವಳು ನಂಬಲಿಲ್ಲ. ಹಿಂದಕ್ಕೆ ಸರಿದು ಮತ್ತೊಮ್ಮೆ ಉಸಿರು ಬಿಟ್ಟಳು, ಮತ್ತೂ ಹಸಿರು. ಬಾಗಿಲು ತೆರೆದುಕೊಂಡಿತ್ತು. ಅವಳು ಒಳಗೆ ಹೋಗುವುದನ್ನು ಬಿಟ್ಟು ಓಣಿಗೆ ಓಡಿ ಎಲ್ಲರನ್ನೂ ಎಬ್ಬಿಸಿಕೊಂಡು ಬಂದಳು. ಮಾಳವ್ವನಿಗೆ ಹಸಿರು. ತುದಿಮನೆಯವಳಿಗೆ ಹಸಿರು. ಒಬ್ಬಿಬ್ಬರಿಗೆ ಇನ್ನೂ ಕೆಂಪಿತ್ತು, ಉಳಿದವರೆಲ್ಲ ಹಸಿರು, ಎಲ್ಲರ ಬಾಯಲ್ಲೂ ಸ್ವಂತ ಹಲ್ಲು. ಮಾಳವ್ವ ಅಲ್ಲೇ ಶೇಂಗಾ ಕೊಂಡು, ಗಂಬದ ಮುಂದೆಯೇ ನಿಂತು ಕಟಕಟನೆ ಕಡಿದು ತಿಂದಳು.

ಆದರೆ ಅದು ಒಂದು ಓಣಿ ಮಾತ್ರ. ಊರಿನ ಉಳಿದವರು ಶೆಡ್ಡುಗಳಲ್ಲಿ ಲಾಳಿ ಹೀರುತ್ತಲೇ ಇದ್ದರು. ಬಿಳಿ ವ್ಯಾನು ಹೇಳಿದ ದಿನಕ್ಕೆ ಬಂದು ಸಂತೆ ಬಯಲಿನಲ್ಲಿ ನಿಂತಿತು. ಹಲ್ಲು ಕೊಡಲು ಕರೆ ಬಂದವರು ಆಗಲೇ ಸಾಲಾಗಿ ನಿಂತಿದ್ದರು. ಹರೆಯದವರೂ ಇದ್ದರು, ಬಾಯಿಗೆ ಸೆರಗು ಮುಚ್ಚಿಕೊಂಡ ಬಾಣಂತಿಯೂ ಇದ್ದಳು. ಡಾಕ್ಟರ್ ಹೇಮಚಂದ್ರ ಬನಕ್ಕನನ್ನು ಕಂಡು ತಾವೇ ಎದುರು ಬಂದರು. ನಿಮ್ಮ ಹಸಿರು ನೋಡಿದೆ, ಸಂತೋಷವಾಯಿತು, ನಿಮ್ಮ ಹೆಸರನ್ನೂ ನಿಮ್ಮ ಓಣಿಯವರ ಹೆಸರನ್ನೂ ಪಟ್ಟಿಯಿಂದ ತೆಗೆದಿದ್ದೇವೆ, ನೀವಿನ್ನು ಮನೆಗೆ ಹೋಗಬಹುದು ಎಂದರು. ಸಮಿತಿ ಯಾವಾಗ ಬರುತ್ತದೆ ಎಂದು ಬನಕ್ಕ ಕೇಳಿದಳು. ಬರುತ್ತದೆ ಎಂದರು. ಹಾಗಾದರೆ ಇವತ್ತು ಇವರ ಹಲ್ಲಿನ ಗತಿ ಏನು ಎಂದು ಸಾಲಿನ ಕಡೆ ಕೈ ಮಾಡಿದಳು.

ತನ್ನ ಹಲ್ಲು ಉಳಿಯಿತು. ಬೇರೆ ಯಾರಾದರೂ ಆಗಿದ್ದರೆ ತಿರುಗಿ ಹೋಗುತ್ತಿದ್ದರೇನೋ. ಬನಕ್ಕ ಆ ಬಾಣಂತಿಯ ಮುಖ ನೋಡಿದಳು, ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡಳು, ಮೆಟ್ಟಿಲು ಹತ್ತಿ ವ್ಯಾನಿನೊಳಗೆ ಹೋಗಿ ಕುರ್ಚಿಯಲ್ಲಿ ಕೂತುಬಿಟ್ಟಳು.

ಆ ಕುರ್ಚಿಯ ಮರ್ಮ ಅವಳಿಗೆ ಗೊತ್ತಿತ್ತು. ಕೂತವರ ಉಸಿರನ್ನು ಅದು ಮೊದಲು ಅಳೆಯುತ್ತದೆ, ಮುಖದ ಗುರುತು ನೋಡುವುದಿಲ್ಲ. ಕೆಂಪು ಬಂದರೆ ಮೇಲಿನಿಂದ ಉಕ್ಕಿನ ತೋಳು ಇಳಿದು ಕೆಲಸ ಶುರು ಮಾಡುತ್ತದೆ. ಹಸಿರು ಬಂದರೆ ತೋಳು ಮಡಚಿಕೊಂಡೇ ಇರುತ್ತದೆ. ತಪ್ಪಿ ಒಳ್ಳೆಯ ಬಾಯಿಗೆ ಕೈ ಹಾಕಬಾರದೆಂದು ಮಾಡಿದ ವ್ಯವಸ್ಥೆ. ಕೂತವರು ಎದ್ದು ಹೋಗುವವರೆಗೆ ಅದು ಇನ್ನೊಬ್ಬರನ್ನು ಮುಟ್ಟುವುದಿಲ್ಲ. ಅವಳು ಹಾ ಎಂದಳು, ಹಸಿರು ಹತ್ತಿತು, ಕುರ್ಚಿ ಸುಮ್ಮನಾಯಿತು.

“ಏಳಿ ಬನಶಂಕರಿ, ದಯವಿಟ್ಟು,” ಎಂದರು ಡಾಕ್ಟರು.

“ನನ್ನ ಹಲ್ಲು ಕಿತ್ತು ಎಬ್ಬಸ್ರಿ. ಇಲ್ಲಂದ್ರ ಇವತ್ತ ಯಾರದೂ ಕೀಳೂದು ಬ್ಯಾಡ.”

ಹೊರಗೆ ಗುಸುಗುಸು ಎದ್ದಿತು. ಬಲವಂತದಿಂದ ಎಬ್ಬಿಸಲು ಪೊಲೀಸನೊಬ್ಬ ಮುಂದೆ ಬಂದ. ಅವನ ಹಲ್ಲೂ ಸರ್ಕಾರದ್ದೇ. ಮೆಟ್ಟಿಲ ಮೇಲೆ ಓಣಿಯ ಹೆಂಗಸರು ಸಾಲಾಗಿ ಕೂತಿದ್ದನ್ನು ಕಂಡು, ಅವನು ಡಾಕ್ಟರ ಮುಖ ನೋಡಿದ. ಡಾಕ್ಟರು ಬೇಡ ಎಂದು ತಲೆಯಾಡಿಸಿದರು. ಬನಕ್ಕನಿಗೆ ಬೆನ್ನು ನೋಯತೊಡಗಿದಾಗ ಮಾಳವ್ವ ಬಂದು ಕೂತಳು. ಮಾಳವ್ವ ಎದ್ದರೆ ತುದಿಮನೆಯವಳು. ಒಬ್ಬಳು ಎದ್ದ ಜಾಗಕ್ಕೆ ಇನ್ನೊಬ್ಬಳು, ಕುರ್ಚಿ ಒಂದು ಗಳಿಗೆಯೂ ಖಾಲಿಯಾಗಲಿಲ್ಲ. ಬನಕ್ಕ ಬಾಗಿಲಲ್ಲಿ ನಿಂತು, ಸಾಲಿನಲ್ಲಿದ್ದವರಿಗೆ ಲಾಳಿಯ ಸಂಗತಿಯನ್ನೆಲ್ಲ ಬಿಡಿಸಿ ಹೇಳಿದಳು. ಕೆಲವರು ಕೇಳಿದರು. ಕೆಲವರು, ಹಲ್ಲು ಕೀಳದಿದ್ದರೆ ವಾಸಿಯಾಗುವುದೇ ಸುಳ್ಳು, ಹಲ್ಲಿಲ್ಲದವರೆಲ್ಲ ಹಸಿರಾಗಿದ್ದಾರಲ್ಲ ಎಂದರು. ಗಂಬ ಅವರಿಗೆ ಸುಳ್ಳು ಹೇಳುತ್ತದೆ ಎಂದರೆ ಯಾರು ನಂಬುತ್ತಾರೆ? ಒಳಗಿನ ಅಳತೆ ತೋರಿಸಲು ಅವಳ ಕೈಯಲ್ಲಿ ಈಗ ಕೊಠಡಿಯಿರಲಿಲ್ಲ. ಅವಳ ಮಾತು ಸೋತಿತು.

ಅಷ್ಟರಲ್ಲಿ ಜನ ದಾರಿ ಬಿಟ್ಟರು. ಶೆಡ್ಡಿನಿಂದ ನೇರವಾಗಿ ಬಂದ ವಿರೂಪಾಕ್ಷ ಮೆಟ್ಟಿಲು ಹತ್ತುತ್ತಿದ್ದ. ತಲೆಯ ಮೇಲೆ ಹತ್ತಿಯ ನಾರು ಹಾಗೇ ಇತ್ತು. ಅವನು ಹೆಂಡತಿಯ ಮುಖ ನೋಡಲಿಲ್ಲ. ಕುರ್ಚಿಯಲ್ಲಿದ್ದಾಕೆಗೆ ಏಳಲು ಸನ್ನೆ ಮಾಡಿದ. ನೀವು ಬೇಡ, ನಿಮಗೆ ಕೆಂಪು ಬರುತ್ತದೆ, ತೋಳು ಇಳಿಯುತ್ತದೆ ಎಂದು ಬನಕ್ಕ ಅವನ ರಟ್ಟೆ ಹಿಡಿದಳು. ಅವನು ಮೆಲ್ಲಗೆ ಬಿಡಿಸಿಕೊಂಡು ಕೂತ. ಬಾಯಿಯೊಳಗಿನ ಕಟ್ಟುಹಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಹೊರಗಿನವರಿಗೆಲ್ಲ ಕಾಣುವ ಹಾಗೆ ಬಾಯಿ ಅಗಲಿಸಿ, ಹಾ ಎಂದು ಉಸಿರು ಬಿಟ್ಟ.

ಕೆಂಪು ಹತ್ತಿತು. ಹಲ್ಲಿಲ್ಲದ ಬಾಯಿಗೂ ಕೆಂಪೇ ಎಂದು ಸಾಲಿನಲ್ಲಿ ಯಾರೋ ಕೂಗಿದರು. ಮೇಲಿನಿಂದ ಉಕ್ಕಿನ ತೋಳು ಬಿಚ್ಚಿಕೊಂಡು ಇಳಿಯಿತು, ಅವನ ಬಾಯಿಯೊಳಗೆ ದೀಪ ಬಿಟ್ಟು ಮೇಲಿನ ದವಡೆಯಲ್ಲಿ ಹಲ್ಲು ಹುಡುಕಿತು. ಸಿಗಲಿಲ್ಲ. ಕೆಳಗಿನ ದವಡೆಗೆ ಬಂತು. ಅಲ್ಲೂ ಸಿಗಲಿಲ್ಲ. ಮತ್ತೆ ಮೇಲಕ್ಕೆ ಹೋಯಿತು. ಡಾಕ್ಟರು ಗಾಬರಿಯಿಂದ ಯಂತ್ರ ನಿಲ್ಲಿಸುವ ಗುಂಡಿಯ ಕಡೆ ಕೈ ಚಾಚಿದರು. ವಿರೂಪಾಕ್ಷ ಅವರ ಕೈ ಹಿಡಿದು ತಡೆದ, ತೋಳಿನ ಸಂದಿನಿಂದಲೇ ಬೊಚ್ಚು ಬಾಯಲ್ಲಿ ಮಾತಾಡಿದ.

“ಹುಡುಕ್ಲಿ ಬಿಡ್ರಿ. ಎಲ್ಲಾರೂ ನೋಡ್ಲಿ.”

ಸಾಲಿನಲ್ಲಿ ಮುಂದೆ ನಿಂತಿದ್ದ ಬಾಣಂತಿ ಬಾಯಿಗೆ ಮುಚ್ಚಿದ ಸೆರಗು ತೆಗೆದು ಮನೆಯ ಕಡೆ ಹೊರಟಳು. ಅವಳ ಹಿಂದಿನವನೂ ಹೊರಟ. ಉಕ್ಕಿನ ತೋಳು ಇನ್ನೂ ಹುಡುಕುತ್ತಲೇ ಇತ್ತು. ಬನಕ್ಕ ಗಂಡನ ಪಕ್ಕದಲ್ಲಿ ನೆಲದ ಮೇಲೆ ಕೂತು ಅವನ ಕೈ ಹಿಡಿದುಕೊಂಡಳು.